ಗೆದ್ದವನ ಗೋಳು

2019 ಅಂದರೆ ಈಗಿನ ಹುಡುಗರಿಗೆ ಕೊರೊನಾ ಹಿಂದಿನ ವರ್ಷ, ಅಷ್ಟೆ. ಮದುವೆಗೆ ಸಾವಿರ ಎಲೆ ಬೀಳುತ್ತಿದ್ದ ಕೊನೆಯ ವರ್ಷ ಅಂತ ಛತ್ರದವರು ನೆನೆಸಿಕೊಂಡಾರು. ನನಗೆ ಮಾತ್ರ ಅದು ನಾನು ಗೆದ್ದ ವರ್ಷ. ನಾನು ಅಂದರೆ ನಾನು ಓಟು ಹಾಕಿದ ಪಕ್ಷ. ಗೆದ್ದಾಗ ‘ನಾವು’, ಸೋತಾಗ ‘ಅವರು’ ಅನ್ನುವ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲದಿದ್ದರೂ ಮತದಾರ ತಾನೇ ತೆಗೆದುಕೊಂಡಿದ್ದಾನೆ.

ಆ ವರ್ಷ ನಾವು ತುಮಕೂರಲ್ಲಿ ಗೆದ್ದೆವು. ರಾಜ್ಯದ 28 ಕ್ಷೇತ್ರಗಳಲ್ಲಿ 25 ಗೆದ್ದೆವು. ದೆಹಲಿಯಲ್ಲಿ 303. ಜುಲೈಯಲ್ಲಿ ವಿಧಾನಸೌಧ ನಮ್ಮದಾಯಿತು, ಡಿಸೆಂಬರಿನಲ್ಲಿ ಉಪಚುನಾವಣೆಯ 15ರಲ್ಲಿ 12 ನಮ್ಮವಾದವು. ಇಷ್ಟು ಗೆದ್ದವನು ಮೀಸೆ ತಿರುವಿಕೊಂಡು ಓಡಾಡಬೇಕಲ್ಲವೆ? ಅಂತರಸನಹಳ್ಳಿಯ ಟೀ ಅಂಗಡಿಯಲ್ಲಿ ನಾನು ಆ ವರ್ಷ ಕೇಳಿಸಿಕೊಂಡಷ್ಟು ಕುಹಕವನ್ನು ಸೋತವರೂ ಕೇಳಿಸಿಕೊಳ್ಳಲಿಲ್ಲ.

ಅಂತರಸನಹಳ್ಳಿ ಗೊತ್ತಿಲ್ಲದವರು ಬೆಂಗಳೂರಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ, ತುಮಕೂರು ಇನ್ನೇನು ಮುಗಿಯಿತು ಅನ್ನಿಸಿದಾಗ ಕಿಟಕಿಯಿಂದ ಆಚೆ ನೋಡಬೇಕು. ಅದೇ ನಾವು. ಕೈಗಾರಿಕಾ ಪ್ರದೇಶವೂ ನಮ್ಮ ಹೆಸರಲ್ಲೇ ಇದೆ, ಸಗಟು ತರಕಾರಿ ಮಾರುಕಟ್ಟೆಯೂ ನಮ್ಮ ಹೆಸರಲ್ಲೇ ಇದೆ. ಬೆಳಗಿನ ಜಾವ ಟೊಮೆಟೊ ಕ್ರೇಟು ಇಳಿಯುವ ಸದ್ದಿಗೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ. ಎದ್ದು ಮುಖ ತೊಳೆದು ಟೀ ಅಂಗಡಿಗೆ ಹೋದರೆ ಇಬ್ಬರು ಆಗಲೇ ಕೂತಿರುತ್ತಾರೆ. ಒಬ್ಬರು ಕೈ ಮೇಷ್ಟ್ರು, ಇನ್ನೊಬ್ಬರು ತೆನೆ ಗೌಡರು. ಹೆಸರು ಬೇಡ, ಗುರುತು ಸಾಕು. ನಾನು ಮೂರನೆಯವನು. ಮೂರು ಪಕ್ಷ, ಮೂರು ಲೋಟ, ಬಿಲ್ಲು ಮಾತ್ರ ಸರದಿ ಪ್ರಕಾರ.

ನಾನು ಹಳೇ ತಲೆ. ಹಾಗೆ ಹೇಳಿಕೊಳ್ಳುವುದಕ್ಕೆ ನಾಚಿಕೆ ಏನಿಲ್ಲ. ಕ್ಷೌರದಂಗಡಿ ಬದಲಾಯಿಸಿಲ್ಲ, ಪಂಚಾಂಗ ಬದಲಾಯಿಸಿಲ್ಲ. ಹಿರಿಯರು ಬಂದರೆ ಎದ್ದು ನಿಲ್ಲಬೇಕು, ಕೂಡು ಕುಟುಂಬ ಒಡೆಯಬಾರದು, ಸೇರಿದ ಮನೆ ಬಿಡಬಾರದು, ಮಠದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕಡೆಯೇ ರಾಜಕೀಯವನ್ನೂ ಬಿಟ್ಟು ಒಳಗೆ ಹೋಗಬೇಕು. ಇವು ನನ್ನ ಕಾನೂನು. ಇವನ್ನೆಲ್ಲ ಕಾಯುವ ಪಕ್ಷ ಯಾವುದು ಎಂದು ಎಂಬತ್ತರ ದಶಕದ ಕೊನೆಯಲ್ಲಿ ಕೂತು ಯೋಚಿಸಿ ಕಮಲ ಎಂದು ತೀರ್ಮಾನಿಸಿದೆ. ಒಮ್ಮೆ ತೀರ್ಮಾನಿಸಿದ ಮೇಲೆ ಮತ್ತೆ ಯೋಚಿಸುವುದು ನಮ್ಮ ಸಂಪ್ರದಾಯವಲ್ಲ.

ವರ್ಷ ಶುರುವಾದದ್ದು ರೆಸಾರ್ಟಿನಲ್ಲಿ. ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಆಗ ಬೀಳುತ್ತೆ ಈಗ ಬೀಳುತ್ತೆ ಎಂದು ನಮ್ಮ ಶಾಸಕರು ಗುರುಗ್ರಾಮದ ಹೋಟೆಲಿನಲ್ಲಿ, ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿನಲ್ಲಿ. ಬಿಡದಿಯಲ್ಲಿ ಇಬ್ಬರು ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದರು. ಆ ಸುದ್ದಿ ಅರಗಿಸಿಕೊಳ್ಳುವ ಮೊದಲೇ, ಜನವರಿ 21ರ ಸೋಮವಾರ, ಸಿದ್ಧಗಂಗೆಯಿಂದ ಸುದ್ದಿ ಬಂತು. ಡಾ. ಶಿವಕುಮಾರ ಸ್ವಾಮಿಗಳು ಇಲ್ಲ. ನೂರ ಹನ್ನೊಂದು ವರ್ಷ. 1907ರ ಏಪ್ರಿಲ್ ಒಂದರಂದು ಹುಟ್ಟಿದವರು.

ಈ ಭಾಗದಲ್ಲಿ ಕುಹಕ ಇಲ್ಲ. ತುಮಕೂರಿನವರಿಗೆ ಆ ದಿನ ಏನಾಯಿತು ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿ ಹೊರಗೆ ಬಿಡಬಾರದು ಎಂಬುದು ಸ್ವಾಮಿಗಳದೇ ಇಚ್ಛೆಯಾಗಿತ್ತು ಅಂತ ಆಮೇಲೆ ಪತ್ರಿಕೆಗಳು ಬರೆದವು. ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕೂತು ಉಣ್ಣುವ ಮಠ ಅದು. ಊಟ ಆದ ಮೇಲೆ ಅಳಿ ಎಂದು ಹೇಳಿ ಹೋದವರು ಇನ್ನೊಬ್ಬರು ನನಗೆ ಗೊತ್ತಿಲ್ಲ. ಮಾರನೆಯ ದಿನ ರಜೆ ಘೋಷಿಸಿದರು, ಮೂರು ದಿನ ಶೋಕ. ನಾವು ಮೂವರೂ ಒಟ್ಟಿಗೆ ಹೊರಟೆವು. ಮಠ ಇರುವ ಕ್ಯಾತ್ಸಂದ್ರದ ದಿಕ್ಕಿಗೆ ಬಸ್ಸು, ಟ್ರ್ಯಾಕ್ಟರು, ನಡೆದು ಹೋಗುವವರು, ಎಲ್ಲ ಒಂದೇ ಪ್ರವಾಹ. ಕೈ ಮೇಷ್ಟ್ರಾಗಲಿ ತೆನೆ ಗೌಡರಾಗಲಿ ಅಂದು ಪಕ್ಷದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಎತ್ತದೆ ಇದ್ದದ್ದು ನಾಲ್ಕು ದಿನ. 25ರಂದು ಭಾರತರತ್ನ ಪ್ರಕಟವಾಯಿತು. ಪ್ರಣವ್ ಮುಖರ್ಜಿ, ಭೂಪೇನ್ ಹಜಾರಿಕಾ, ನಾನಾಜಿ ದೇಶಮುಖ್. ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದೆ. ನಮ್ಮ ಸಿದ್ಧಗಂಗೆ ಬುದ್ಧಿಯವರ ಹೆಸರಿಲ್ಲ. ಬೆಳಿಗ್ಗೆ ಟೀ ಅಂಗಡಿಗೆ ಹೋದಾಗ ಮೇಷ್ಟ್ರು ಪತ್ರಿಕೆ ಮಡಚಿ ನನ್ನ ಕಡೆಗೇ ಇಟ್ಟಿದ್ದರು.

“ಪ್ರಣವ್ ನಮ್ಮೋರು ಸಾರ್. ನಿಮ್ಮ ಸರ್ಕಾರ ನಮ್ಮೋರಿಗೆ ಕೊಟ್ಟಿದೆ. ನಿಮ್ಮ ಊರಿನ ಸ್ವಾಮಿಗಳಿಗೆ ಕೊಟ್ಟಿಲ್ಲ. ನಾನು ಸಂತೋಷ ಪಡ್ಲಾ, ದುಃಖ ಪಡ್ಲಾ, ನೀವೇ ಹೇಳಿ.”

ನಾನಾಜಿ ಜನಸಂಘದವರು, ಅವರಿಗೆ ಬಂದದ್ದಕ್ಕೆ ಬೇಡ ಅನ್ನುವಂತಿಲ್ಲ. ಸ್ವಾಮಿಗಳಿಗೆ ಬರಲಿಲ್ಲವಲ್ಲ ಎಂದು ಸರ್ಕಾರವನ್ನು ಬೈಯುವಂತೆಯೂ ಇಲ್ಲ. “ಅವರಿಗೆ ಪ್ರಶಸ್ತಿ ಯಾಕ್ರೀ, ಅವರೇ ರತ್ನ” ಎಂದೆ. “ಹಾಗಾದ್ರೆ ಕೊಡಿ ಅಂತ ಹೋದ ವರ್ಷ ಅರ್ಜಿಗೆ ಸಹಿ ಹಾಕ್ಸಿಕೊಂಡಿರಲ್ಲ, ಅದು ಯಾರಿಗೆ?” ಎಂದರು ತೆನೆ ಗೌಡರು. ಬಿಲ್ಲು ಅವತ್ತು ನನ್ನ ಸರದಿ ಅಲ್ಲದಿದ್ದರೂ ನಾನೇ ಕೊಟ್ಟೆ.

ಮಾರ್ಚಿಗೆ ದೊಡ್ಡ ಸುದ್ದಿ ಬಂತು. ದೇವೇಗೌಡರು ತುಮಕೂರಿಗೆ ಬರುತ್ತಾರೆ. ಹಾಸನವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟು, ಮಂಡ್ಯವನ್ನು ಇನ್ನೊಬ್ಬ ಮೊಮ್ಮಗ ನಿಖಿಲ್‌ಗೆ ಕೊಟ್ಟು, ತಾತ ಜಾಗ ಹುಡುಕಿಕೊಂಡು ನಮ್ಮೂರಿಗೆ. ಹಾಸನದ ಕಡೆಯ ಸಭೆಯಲ್ಲಿ ತಾತ, ಮಗ, ಮೊಮ್ಮಗ ಒಟ್ಟಿಗೆ ಕಣ್ಣೀರು ಹಾಕಿದ್ದನ್ನು ಟಿವಿಯವರು ಸಂಜೆತನಕ ತೋರಿಸಿದರು. ನಾನು ಬಾಯಿ ಬಿಚ್ಚಿದೆ. ಇದು ವಂಶಾಡಳಿತ, ಒಂದೇ ಮನೆಯವರಿಗೆ ಮೂರು ಕ್ಷೇತ್ರವೆ, ಪ್ರಜಾಪ್ರಭುತ್ವಕ್ಕೆ ಅವಮಾನ ಎಂದೆಲ್ಲ ಅಡುಗೆಮನೆಗೆ ಕೇಳಿಸುವ ಹಾಗೆ ಹೇಳಿದೆ.

ಅಡುಗೆಮನೆಯಿಂದ ನಮ್ಮ ಮನೆಯವಳು ಆಚೆ ಬಂದಳು. “ಕೂಡು ಕುಟುಂಬ ಉಳೀಬೇಕು ಅಂತ ಹೋದ ವಾರ ಭಾಷಣ ಮಾಡಿದ್ರಿ. ಎಲ್ಲಾರೂ ಒಂದೇ ಕೆಲಸ ಮಾಡ್ಕೊಂಡು, ತಾತ ಹೇಳಿದ್ದು ಕೇಳ್ಕೊಂಡು, ಒಟ್ಟಿಗೆ ನಗ್ತಾ ಒಟ್ಟಿಗೆ ಅಳ್ತಾ ಇರೋ ಮನೆ ಇಡೀ ರಾಜ್ಯದಲ್ಲಿ ಅದೊಂದೇ ಉಳಿದಿರೋದು. ನಿಮ್ಮ ಮಗ ಬೆಂಗಳೂರಿಂದ ಹಬ್ಬಕ್ಕೂ ಬರಲ್ಲ.”

ನಾನು ಟಿವಿ ಸದ್ದು ಜಾಸ್ತಿ ಮಾಡಿದೆ.

ನೋಡಿ, ಇಲ್ಲೇ ನನ್ನ ಕಷ್ಟ ಶುರುವಾಗಿದ್ದು. ದೇವೇಗೌಡರಿಗೆ ಆಗ ಎಂಬತ್ತಾರು ನಡೆಯುತ್ತಿತ್ತು. ಪ್ರಧಾನಿಯಾದ ಏಕೈಕ ಕನ್ನಡಿಗ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ದೇವಸ್ಥಾನ ನೋಡದೆ ಕಾರ್ಯ ಶುರು ಮಾಡದ ಮನುಷ್ಯ. ಅವರ ಮಗ ರೇವಣ್ಣನವರ ಕೈಯಲ್ಲಿ ನಿಂಬೆಹಣ್ಣು. ರಾಹುಕಾಲ, ಗುಳಿಕಕಾಲ ನೋಡಿ ಹೊಸ್ತಿಲು ದಾಟುವವರು. ಒಬ್ಬ ಸಂಪ್ರದಾಯಸ್ಥ ಮತದಾರನಿಗೆ ಏನೇನು ಬೇಕೋ ಎಲ್ಲ ಆ ಕಡೆಯೇ ಇತ್ತು. ಹಿರಿಯರು ಬಂದರೆ ಎದ್ದು ನಿಲ್ಲಬೇಕು ಎಂಬ ನನ್ನ ಕಾನೂನಿನ ಪ್ರಕಾರ ನಾನು ಏಪ್ರಿಲ್ ಪೂರ್ತಿ ನಿಂತೇ ಇರಬೇಕಿತ್ತು.

ನಮ್ಮ ಅಭ್ಯರ್ಥಿ ಜಿ.ಎಸ್. ಬಸವರಾಜು. ಊರಿನವರು, ನೀರಾವರಿ ಅಂದರೆ ನಿದ್ದೆಯಲ್ಲೂ ಎದ್ದು ಕೂರುವವರು, ಪರಮಶಿವಯ್ಯ ವರದಿಯನ್ನು ಎಲ್ಲಿ ಕೇಳಿದರೂ ಹೇಳುವವರು. ಅದೆಲ್ಲ ಸರಿ. ಆದರೆ 1984, 1989, 1999ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್ಸಿನಿಂದ. 2009ರಲ್ಲಿ ನಮ್ಮಿಂದ. ಅಂದರೆ ನಾನು ಎಂಬತ್ತರ ದಶಕದ ಕೊನೆಯಲ್ಲಿ ಕೂತು ಯೋಚಿಸಿ ಕಾಂಗ್ರೆಸ್ ಬೇಡ ಎಂದು ತೀರ್ಮಾನಿಸಿದ್ದೆನಲ್ಲ, ಆಗ ಬೇಡ ಅಂದದ್ದು ಇವರನ್ನೇ. “ಆಗ ನಾನು ಹಾಕಿದ್ದ ಓಟನ್ನೇ ನೀವು ಈಗ ಹಾಕ್ತಿದೀರಿ. ಮೂವತ್ತು ವರ್ಷ ತಡ ಆಯ್ತು, ಪರವಾಗಿಲ್ಲ” ಎಂದರು ಮೇಷ್ಟ್ರು. ವಂಶಾಡಳಿತದ ಮಾತು ಎತ್ತಿದರೆ ತೆನೆ ಗೌಡರು ಥಟ್ಟನೆ, “ನಿಮ್ಮ ಅಭ್ಯರ್ಥಿ ಮಗ ಜ್ಯೋತಿಗಣೇಶ್ ತುಮಕೂರು ನಗರದ ಶಾಸಕರಲ್ವಾ ಸಾರ್?” ಅಂದರು. ನಮ್ಮಲ್ಲಿ ಅದಕ್ಕೆ ವಂಶಾಡಳಿತ ಅನ್ನುವುದಿಲ್ಲ, ಸಂಸ್ಕಾರ ಅನ್ನುತ್ತೇವೆ ಎಂದು ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ.

ಅತ್ತ ಮೇಷ್ಟ್ರ ಪಾಡು ನನಗಿಂತ ಕೆಟ್ಟದ್ದು. ತುಮಕೂರಿನ ಹಾಲಿ ಸಂಸದ ಎಸ್.ಪಿ. ಮುದ್ದಹನುಮೇಗೌಡರು ಕಾಂಗ್ರೆಸ್ಸಿನವರು. ಕೂತ ಸಂಸದನ ಕುರ್ಚಿಯನ್ನೇ ಮಿತ್ರಪಕ್ಷಕ್ಕೆ ಕೊಟ್ಟರೆ ಯಾರಿಗೆ ತಾನೇ ಸಿಟ್ಟು ಬರದು? ಅವರೂ ನಾಮಪತ್ರ ಹಾಕಿದರು, ಮಧುಗಿರಿಯ ಕೆ.ಎನ್. ರಾಜಣ್ಣನವರೂ ಹಾಕಿದರು. ಆಮೇಲೆ ಮಾತುಕತೆ, ಓಲೈಕೆ, ಕೊನೆಗೆ ಇಬ್ಬರೂ ವಾಪಸು. ಮುಖ ಮಾತ್ರ ವಾಪಸು ಬರಲಿಲ್ಲ. ಉಪಮುಖ್ಯಮಂತ್ರಿ ಪರಮೇಶ್ವರ್ ಅವರದು ಇದೇ ಜಿಲ್ಲೆಯ ಕೊರಟಗೆರೆ. ಅವರು ಒಂದು ಕಡೆ ತಮ್ಮ ಪಕ್ಷದವರನ್ನು ಸಮಾಧಾನ ಮಾಡಬೇಕು, ಇನ್ನೊಂದು ಕಡೆ ದೇವೇಗೌಡರ ಪಕ್ಕ ನಿಂತು ಕೈ ಬೀಸಬೇಕು. ಆ ಬೇಸಿಗೆಯಲ್ಲಿ ತುಮಕೂರಿನ ಕಾಂಗ್ರೆಸ್ಸಿಗರು ತೆನೆಯ ಬಾವುಟ ಹಿಡಿದ ರೀತಿ ನೋಡಬೇಕಿತ್ತು. ತುದಿ ಬೆರಳಲ್ಲಿ ಹಿಡಿದಿದ್ದರು.

ನಮ್ಮ ಪ್ರಚಾರಕ್ಕೆ ಹೇಮಾವತಿ ಒಬ್ಬಳೇ ಸಾಕಾಗಿತ್ತು. ಹಾಸನದ ಗೊರೂರಲ್ಲಿ ಅಣೆಕಟ್ಟೆ, ಅಲ್ಲಿಂದ ನಾಲೆಯಲ್ಲಿ ನಮ್ಮ ಜಿಲ್ಲೆಗೆ, ಬುಗುಡನಹಳ್ಳಿ ಕೆರೆಗೆ ತುಂಬಿ ತುಮಕೂರಿನ ನಲ್ಲಿಗೆ. ಗೇಟು ಇರುವುದು ಅವರ ಊರಲ್ಲಿ, ಬಾಯಾರಿಕೆ ನಮ್ಮ ಊರಲ್ಲಿ. ನಮ್ಮ ಪಾಲಿನ ನೀರಿಗೆ ಅಡ್ಡ ನಿಂತವರು ಈಗ ಓಟು ಕೇಳಲು ಬಂದಿದ್ದಾರೆ ಎಂದು ನಮ್ಮವರು, ಹಾಗೇನೂ ಇಲ್ಲ ಎಂದು ಅವರು. ನಾನೂ ನಾಲ್ಕು ಬೀದಿ ಸುತ್ತಿದೆ. ನಲ್ಲಿಯಲ್ಲಿ ನೀರು ಬಂದ ದಿನ ಪ್ರಚಾರಕ್ಕೆ ಹೋಗುತ್ತಿರಲಿಲ್ಲ, ಬರದ ದಿನ ಮಾತ್ರ. ಸ್ಮಾರ್ಟ್ ಸಿಟಿಯವರು ರಸ್ತೆ ಅಗೆದಿದ್ದರಿಂದ ಮನೆಯಿಂದ ಮನೆಗೆ ಹಾರಿ ಹೋಗಬೇಕಿತ್ತು. ಹಾರುವಾಗ ಕರಪತ್ರ ಚರಂಡಿಗೆ ಬಿದ್ದರೆ ಅದೂ ನಗರಾಭಿವೃದ್ಧಿಯ ಲೆಕ್ಕಕ್ಕೇ.

ಇನ್ನು ತುಮಕೂರಲ್ಲಿ ಚುನಾವಣೆಯ ಲೆಕ್ಕ ಹಾಕುವುದಕ್ಕೆ ಸಮೀಕ್ಷೆ ಬೇಡ, ವರ್ಷದ ಮದುವೆ ಲಗ್ನಪತ್ರಿಕೆಗಳ ಕಟ್ಟು ಇದ್ದರೆ ಸಾಕು. ಯಾರು ಯಾರಿಗೆ ಬೀಗರು, ಯಾವ ಮಠ, ಯಾವ ಒಕ್ಕಲು ಎಂದು ವಿಂಗಡಿಸಿದರೆ ಗುಬ್ಬಿ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಎಲ್ಲವೂ ತಾವೇ ಮಾತಾಡುತ್ತವೆ. ಆ ಲೆಕ್ಕ ನಾನೂ ಹಾಕಿದೆ, ತೆನೆ ಗೌಡರೂ ಹಾಕಿದರು. ನನ್ನ ಲೆಕ್ಕದಲ್ಲಿ ನಾನು ಗೆದ್ದೆ, ಅವರ ಲೆಕ್ಕದಲ್ಲಿ ಅವರು. ಕುಣಿಗಲ್ಲಿನ ಬೀಗರು ಫೋನು ಮಾಡಿ “ನಮ್ಮ ಓಟು ನಿಮಗೇ” ಎಂದಾಗ ಸಂತೋಷಪಟ್ಟೆ. ಕುಣಿಗಲ್ಲು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದ್ದು ಎಂದು ಆಮೇಲೆ ನೆನಪಾಯಿತು. ನಮ್ಮ ಜಿಲ್ಲೆಯ ಹನ್ನೊಂದು ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಮಾತ್ರ ತುಮಕೂರಿಗೆ. ಶಿರಾ, ಪಾವಗಡ ಚಿತ್ರದುರ್ಗಕ್ಕೆ. ಬೀಗರು ಗೊತ್ತಿದ್ದೇ ಹೇಳಿದರೋ ಏನೋ.

ಏಪ್ರಿಲ್ 18, ಗುರುವಾರ, ಮತದಾನ. ಓಟು ಹಾಕಿ ಬಂದ ಮೇಷ್ಟ್ರ ಮುಖ ನೋಡಿ ಯಾರಾದರೂ ತೀರಿಕೊಂಡರೇನೋ ಅಂದುಕೊಂಡೆ.

“ಕೈ ಇಲ್ಲ ಸಾರ್” ಎಂದರು. “ಮೇಲಿಂದ ಕೆಳಕ್ಕೆ ನೋಡ್ದೆ. ಆ ಯಂತ್ರದಲ್ಲಿ ಕೈಯೇ ಇಲ್ಲ. ಓಟು ಬಂದಾಗಿಂದ ಇಂಥಾ ದಿನ ನೋಡಿರ್ಲಿಲ್ಲ.”

“ತೆನೆಗೆ ಹಾಕಿ ಅಂತ ನಿಮ್ಮ ಪಕ್ಷವೇ ಹೇಳಿತ್ತಲ್ಲ?”

“ಹೇಳಿತ್ತು. ಬೆರಳು ಕೇಳ್ಬೇಕಲ್ಲ. ಆಮೇಲೆ ಕಣ್ಣು ಕಿರಿದು ಮಾಡಿ ನೋಡ್ದೆ. ತೆನೆ ಹೊತ್ತ ಹೆಂಗಸಿಗೂ ಕೈ ಇದೆಯಲ್ಲ ಸ್ವಾಮಿ, ಆ ಕೈಗೇ ಹಾಕಿ ಬಂದೆ.”

ಆ ಚುನಾವಣೆಯ ವಿಶ್ಲೇಷಣೆ ಎಷ್ಟೋ ಓದಿದ್ದೇನೆ. ಇಷ್ಟು ನಿಖರವಾದದ್ದು ಓದಿಲ್ಲ. ಉಡುಪಿ-ಚಿಕ್ಕಮಗಳೂರಿನಲ್ಲಂತೂ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜರೇ ತೆನೆ ಹೊತ್ತು ನಿಂತಿದ್ದರು. ಅಲ್ಲಿನ ಮೇಷ್ಟ್ರುಗಳು ಏನು ಮಾಡಿದರೋ.

ಮೇ 23ರ ಎಣಿಕೆಯ ದಿನ ಬೆಳಗಿನಿಂದ ಟಿವಿ ಮುಂದೆ. ದೇಶದಲ್ಲೆಲ್ಲ ಅಲೆ, ತುಮಕೂರಲ್ಲಿ ಮಾತ್ರ ಉಯ್ಯಾಲೆ. ಸಂಜೆಯ ಹೊತ್ತಿಗೆ ಸ್ಪಷ್ಟವಾಯಿತು. 13,339 ಮತಗಳಿಂದ ದೇವೇಗೌಡರು ಸೋತರು. ಐದು ದಿನದ ಹಿಂದಷ್ಟೇ ಅವರ ಹುಟ್ಟುಹಬ್ಬ. ಬೀದಿಯಲ್ಲಿ ಪಟಾಕಿ. ನಾನೂ ಹೋಗಿ ಒಂದು ಸರ ಹಚ್ಚಿ ಬಂದೆ. ಒಳಗೆ ಬಂದರೆ ಮನೆಯವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. “ಪಾಪ, ವಯಸ್ಸಾದೋರು” ಎಂದಳು. ಯಾರಿಗೆ ಓಟು ಹಾಕಿದೆ ಎಂದು ಮದುವೆಯಾದಂದಿನಿಂದ ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಕೇಳುವ ಅಗತ್ಯ ಬಿದ್ದಿರಲಿಲ್ಲ, ನನ್ನ ಓಟೇ ಅವಳ ಓಟು ಎಂಬುದು ಸಂಪ್ರದಾಯ. ಅವತ್ತು ರಾತ್ರಿ ಮಾತ್ರ ಗೌಡರಿಗೆ ಬಿದ್ದ ಐದು ಲಕ್ಷ ಎಂಬತ್ತೆರಡು ಸಾವಿರ ಚಿಲ್ಲರೆ ಮತಗಳಲ್ಲಿ ಒಂದು ನಮ್ಮ ಮನೆಯ ವಿಳಾಸದ್ದೇ ಇರಬೇಕು ಎಂಬ ಗುಮಾನಿ ನಿದ್ದೆ ಕೆಡಿಸಿತು. ಮಾರನೆಯ ದಿನ ಪ್ರಜ್ವಲ್, ತಾತನಿಗಾಗಿ ಹಾಸನ ಬಿಟ್ಟುಕೊಡುತ್ತೇನೆ ಎಂದರು. ಮನೆಯವಳು ನನ್ನ ಕಡೆ ನೋಡಿದಳು. ನಮ್ಮ ಮೊಮ್ಮಗ ತಾತನಿಗೆ ರಿಮೋಟು ಬಿಟ್ಟುಕೊಡುವುದಿಲ್ಲ.

ಜುಲೈ ಬಂತು. ಸೇರಿದ ಮನೆ ಬಿಡಬಾರದು ಎಂಬ ನನ್ನ ಕಾನೂನು ನೆನಪಿದೆಯಲ್ಲ? ಹದಿನೇಳು ಜನ ಬಿಟ್ಟರು. ಕಾಂಗ್ರೆಸ್ಸು, ಜೆಡಿಎಸ್ಸು ಶಾಸಕರು ರಾಜೀನಾಮೆ ಬಿಸಾಡಿ ಮುಂಬೈ ಹೋಟೆಲು ಸೇರಿದರು. ನಮ್ಮ ಜಿಲ್ಲೆಯ ಹನ್ನೊಂದರಲ್ಲಿ ಒಬ್ಬರೂ ಆ ಗುಂಪಲ್ಲಿ ಇರಲಿಲ್ಲ ಎಂಬುದು ನನಗೆ ಹೆಮ್ಮೆಯೋ ನಿರಾಸೆಯೋ ಎಂದು ಮೇಷ್ಟ್ರು ಕೇಳಿದರು. ಉತ್ತರ ಇನ್ನೂ ಕೊಟ್ಟಿಲ್ಲ. ಡಿ.ಕೆ. ಶಿವಕುಮಾರ್ ಮುಂಬೈಗೆ ಹೋಗಿ ಮಳೆಯಲ್ಲಿ ಹೋಟೆಲಿನ ಹೊರಗೆ ಕೂತರು, ಒಳಗೆ ಬಿಡಲಿಲ್ಲ. ಬಾಡಿಗೆ ಕಟ್ಟಿ ಕೋಣೆ ಹಿಡಿದವರನ್ನು ಹೋಟೆಲಿನೊಳಗೇ ಬಿಡದೆ ಇರುವುದನ್ನು ನಾನು ಮೊದಲ ಸಲ ನೋಡಿದ್ದು. ಸುಳ್ಳು ಹೇಳುವುದಿಲ್ಲ, ನಕ್ಕೆ.

ನಗುವಾಗಲೇ ಮನೆಯವಳ ಏಟು ಬಿತ್ತು. “ನಿಮ್ಮ ತಂಗಿ ಮಗಳು ಗಂಡನ ಮನೆ ಬಿಟ್ಟು ಬಂದಾಗ ಆರು ತಿಂಗಳು ಅವಳ ಹತ್ರ ಮಾತಾಡ್ಲಿಲ್ಲ ನೀವು. ಅವನು ಹೊಡೀತಿದ್ದ ಅಂತ ಗೊತ್ತಿದ್ರೂ ‘ಸೇರಿದ ಮನೆ’ ಅಂದ್ರಿ. ಈ ಹದಿನೇಳು ಜನ ಸೇರಿದ ಮನೆ ಬಿಟ್ಟು ಬಂದ್ರೆ ಸ್ವೀಟು ತರ್ತೀರಿ. ಅವಳಿಗೂ ಒಂದು ಮಂತ್ರಿ ಪದವಿ ಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಮಾತಾಡ್ಸ್ತಿದ್ರೇನೋ.”

ಇದಕ್ಕೆ ಹತ್ತನೆಯ ಶೆಡ್ಯೂಲಿನಲ್ಲಿ ಉತ್ತರ ಇಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಮಾಡಿದವರಿಗೆ ನಮ್ಮ ಮನೆಯವಳು ಸಲಹೆ ಕೊಟ್ಟಿದ್ದರೆ ಅದು ಇಷ್ಟು ಸಡಿಲವಾಗಿ ಇರುತ್ತಿರಲಿಲ್ಲ. ತಂಗಿ ಮಗಳಿಗೆ ಆ ಸಂಜೆ ಫೋನು ಮಾಡಿದೆ. ಅವಳು “ಏನ್ ಮಾವ, ಸರ್ಕಾರ ಬಿತ್ತಾ?” ಎಂದಳು.

ಬೀಳಲು ಇನ್ನೂ ಸಮಯವಿತ್ತು. 18ರಂದು ವಿಶ್ವಾಸಮತದ ಚರ್ಚೆ ಶುರುವಾಯಿತು. ಮುಗಿಯಲೇ ಇಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಮಾರನೆಯ ದಿನ ಮಧ್ಯಾಹ್ನ ಒಂದೂವರೆಗೆ ಮುಗಿಸಿ ಎಂದರು, ಆಗಲಿಲ್ಲ. ಸಂಜೆಯೊಳಗೆ ಎಂದರು, ಆಗಲಿಲ್ಲ. ನಮ್ಮ ಶಾಸಕರು 18ರ ರಾತ್ರಿಯೇ ಹಠ ಹಿಡಿದು ವಿಧಾನಸೌಧದಲ್ಲಿ ಮಲಗಿದ್ದರು. ಯಡಿಯೂರಪ್ಪನವರು ಹಾಸಿಗೆ ಹಾಸಿಕೊಂಡು ಮಲಗಿದ್ದನ್ನೂ ಟಿವಿಯಲ್ಲಿ ತೋರಿಸಿದರು. ಬೆಳಿಗ್ಗೆ ಉಪಮುಖ್ಯಮಂತ್ರಿ ಪರಮೇಶ್ವರ್ ಬಂದು ಅವರಿಗೆ ತಿಂಡಿಯ ವ್ಯವಸ್ಥೆ ಆಯಿತೋ ಇಲ್ಲವೋ ವಿಚಾರಿಸಿ, ಜೊತೆಗೆ ಕೂತು ತಿಂದರು. ತಮ್ಮ ಸರ್ಕಾರವನ್ನು ಬೀಳಿಸಲು ಬಂದು ಮಲಗಿದವರಿಗೆ ತಿಂಡಿ! ಆ ವರ್ಷ ಪೂರ್ತಿ ನಾನು ಹುಡುಕುತ್ತಿದ್ದ ಹಳೇ ಕಾಲದ ಮರ್ಯಾದೆ ಅಲ್ಲಿ, ಅದೂ ಆ ಪಕ್ಷದವರ ಕೈಯಲ್ಲಿ, ಅದೂ ನಮ್ಮ ಜಿಲ್ಲೆಯವರಿಂದಲೇ ಸಿಕ್ಕಿತು. ಟೀ ಅಂಗಡಿಯಲ್ಲಿ ಅದನ್ನು ಹೊಗಳಿದೆ. ತೆನೆ ಗೌಡರಿಗೆ ರೇಗಿತು. “ನಮ್ಮ ಸಿಎಂ ಕುಮಾರಣ್ಣ ಅಲ್ಲಿ ಕುರ್ಚಿ ಕಳ್ಕೊತಾ ಇದಾರೆ, ನಿಮಗೆ ತಿಂಡಿ ಚಿಂತೆ!”

23ರ ಸಂಜೆ ಎಣಿಸಿದರು. 99, 105. ಮೂರು ದಿನಕ್ಕೆ ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡರು, ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರವನ್ನೂ ತಿದ್ದಿಕೊಂಡರು. ಅದು ನನಗೆ ಹಿಡಿಸಿತು, ಸಂಖ್ಯಾಶಾಸ್ತ್ರ ನಮ್ಮ ಮನೆಯಲ್ಲೂ ನಡೆಯುತ್ತದೆ. ಆದರೆ ಮಂತ್ರಿಮಂಡಲ ಮಾತ್ರ ಆಗಸ್ಟ್ 20ರವರೆಗೂ ಒಬ್ಬರದೇ. ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗುತ್ತಿತ್ತು, ಎಪ್ಪತ್ತು ದಾಟಿದ ಮನುಷ್ಯ ಒಬ್ಬರೇ ಸುತ್ತುತ್ತಿದ್ದರು. “ಇಷ್ಟು ಕಷ್ಟಪಟ್ಟು ಹದಿನೇಳು ಜನರನ್ನ ಕರ್ಕೊಂಡು ಬಂದು ಒಬ್ಬರನ್ನೂ ಮಂತ್ರಿ ಮಾಡೋ ಹಾಗಿಲ್ಲ, ಇದೆಂಥಾ ಯಾಪಾರ?” ಎಂದು ಮೇಷ್ಟ್ರು ಮಾರುಕಟ್ಟೆಯ ಭಾಷೆಯಲ್ಲಿ ಕೇಳಿದರು. ಅವರೆಲ್ಲ ಆಗಲೇ ಅನರ್ಹರಾಗಿದ್ದರು. ಮಾಲು ಬಂದಿದೆ, ಇಳಿಸುವಂತಿಲ್ಲ. ಕೋರ್ಟಿನ ಚೀಟಿ ಬೇಕು. ಚೀಟಿ ನವೆಂಬರ್ 13ಕ್ಕೆ ಬಂತು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು ಸುಪ್ರೀಂ ಕೋರ್ಟು.

ನಡುವೆ ನಾನು ಬಯಸಿದ್ದೆಲ್ಲ ಆಯಿತು. ಜುಲೈ ಕೊನೆಗೆ ಟಿಪ್ಪು ಜಯಂತಿ ನಿಂತಿತು, ಆಗಸ್ಟ್ 5ಕ್ಕೆ 370 ಹೋಯಿತು, ನವೆಂಬರ್ 9ಕ್ಕೆ ಅಯೋಧ್ಯೆಯ ತೀರ್ಪು ಬಂತು. ವರ್ಷಗಟ್ಟಲೆ ಕಾದ ಸುದ್ದಿಗಳು ಮೂರೂವರೆ ತಿಂಗಳಲ್ಲಿ. ಖುಷಿಪಡಲು ಪುರುಸೊತ್ತು ಕೊಡಬೇಕಲ್ಲ! ಅಯೋಧ್ಯೆಯ ದಿನ ಮಾರುಕಟ್ಟೆಗೆ ಹೋದರೆ ಎಲ್ಲರೂ ಪಿಸುಮಾತಿನಲ್ಲಿ ವ್ಯಾಪಾರ ಮಾಡುತ್ತಿದ್ದರು. ನಾನು ಯಾವಾಗಲೂ ಸೊಪ್ಪು ತರುವ ಸಾಬರು ಅವತ್ತು ಒಂದು ಕಟ್ಟು ಹೆಚ್ಚಿಗೆ ಹಾಕಿದರು. ಯಾಕೆ ಎಂದೆ. “ಇವತ್ತು ಜನ ಕಮ್ಮಿ ಸಾರ್, ಒಣಗಿ ಹೋಗುತ್ತೆ” ಎಂದರು. ಅಷ್ಟೇ ಮಾತು. ಮನೆಗೆ ಬಂದು ಸಂಭ್ರಮಿಸಬೇಕು ಅಂದುಕೊಂಡವನು ಸೊಪ್ಪು ಬಿಡಿಸುತ್ತಾ ಕೂತೆ.

ಅದೇ ತಿಂಗಳು ನಮ್ಮದೇ ಜಿಲ್ಲೆಯ ಹುಳಿಯಾರಿನಲ್ಲಿ ವೃತ್ತವೊಂದಕ್ಕೆ ಕನಕದಾಸರ ಹೆಸರೋ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹೆಸರೋ ಎಂಬ ಜಗಳ ಎದ್ದಿತು. ಕಾನೂನು ಮಂತ್ರಿ ಮಾಧುಸ್ವಾಮಿಯವರು ಸಭೆಯಲ್ಲಿ ಕುರುಬ ಸಮಾಜದ ಸ್ವಾಮೀಜಿಯೊಬ್ಬರಿಗೆ ಗಟ್ಟಿಯಾಗಿ ಮಾತಾಡಿದರು ಎಂದು ಹುಳಿಯಾರು ಬಂದ್ ಆಯಿತು, ಕೊನೆಗೆ ಮುಖ್ಯಮಂತ್ರಿಯೇ ಕ್ಷಮೆ ಕೇಳಿದರು. ಕನಕದಾಸರಿಗೂ ಶಿವಕುಮಾರ ಸ್ವಾಮಿಗಳಿಗೂ ಜಗಳವೆ! ಅವರಿಬ್ಬರೂ ಆ ವೃತ್ತದಲ್ಲಿ ಭೇಟಿಯಾಗಿದ್ದರೆ ಮೊದಲು ಊಟ ಆಯಿತಾ ಎಂದು ಕೇಳಿಕೊಳ್ಳುತ್ತಿದ್ದರು. ಮಂತ್ರಿ ನಮ್ಮ ಪಕ್ಷ, ಸ್ವಾಮೀಜಿ ಸ್ವಾಮೀಜಿ. ನಾನು ಆ ವಾರ ಟೀ ಅಂಗಡಿಗೆ ನೆಗಡಿ ಎಂದು ಹೋಗಲಿಲ್ಲ.

ಡಿಸೆಂಬರಿನಲ್ಲಿ ಈರುಳ್ಳಿ. ಇದರ ಬಗ್ಗೆ ಅಂತರಸನಹಳ್ಳಿಯವನಿಗಿಂತ ಚೆನ್ನಾಗಿ ಯಾರು ಹೇಳಿಯಾರು? ಅಕಾಲದ ಮಳೆ ಮಹಾರಾಷ್ಟ್ರದಲ್ಲೂ ನಮ್ಮ ಬಯಲುಸೀಮೆಯಲ್ಲೂ ಬೆಳೆ ಕೊಳೆಸಿತ್ತು. ಲಾರಿ ಬರುವುದು ಕಡಿಮೆಯಾಯಿತು, ಬಂದ ಮೂಟೆಯ ಸುತ್ತ ಜನ ಜಾಸ್ತಿಯಾದರು. ಕಿಲೋಗೆ ನೂರು ದಾಟಿ, ಬೆಂಗಳೂರಿನಲ್ಲಿ ಇನ್ನೂರು ಮುಟ್ಟಿತು. ನಮ್ಮ ಮಂಡಿ ಸಾಹುಕಾರರು ಈರುಳ್ಳಿ ಮೂಟೆಯ ಮೇಲೆಯೇ ಕೂರುತ್ತಿದ್ದರು, ಎದ್ದು ಹೋದರೆ ಮೂಟೆಯೂ ಎದ್ದು ಹೋಗುತ್ತದೆ ಎಂಬ ಭಯ. ದೋಸೆ ಹೋಟೆಲಿನವರು ಈರುಳ್ಳಿ ದೋಸೆಯ ಹಲಗೆಯನ್ನು ಗೋಡೆ ಕಡೆಗೆ ತಿರುಗಿಸಿಟ್ಟರು. ಎಲೆಕೋಸು ಹೆಚ್ಚಿ ಪಕೋಡ ಮಾಡಿ ಈರುಳ್ಳಿಯದ್ದು ಎಂದು ಮಾರಿದವರೂ ಉಂಟು. ಆಗ, ಡಿಸೆಂಬರ್ 4ರಂದು, ಲೋಕಸಭೆಯಲ್ಲಿ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್, ತಮ್ಮದು ಈರುಳ್ಳಿ ಬೆಳ್ಳುಳ್ಳಿ ಹೆಚ್ಚು ತಿನ್ನುವ ಮನೆಯಲ್ಲ ಎಂಬ ಅರ್ಥದ ಮಾತಾಡಿದರು. ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದವರು.

ನನಗೆ ಒಳಗೊಳಗೇ ಸಂತೋಷ. ಆಚಾರ ಅಂದರೆ ಇದು! ಮನೆಗೆ ಬಂದು “ನೋಡು, ಮಂತ್ರಿಗಳೇ ತಿನ್ನಲ್ಲವಂತೆ” ಎಂದೆ. ಮನೆಯವಳು ಏನೂ ಹೇಳಲಿಲ್ಲ. ಉಪಚುನಾವಣೆಯ ಫಲಿತಾಂಶ ಬರುವವರೆಗೂ ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ ಈರುಳ್ಳಿ ಬೀಳಲಿಲ್ಲ. ಡಿಸೆಂಬರ್ 9ರಂದು ನಾವು ಹನ್ನೆರಡು ಗೆದ್ದೆವು, ಬಿಜೆಪಿ ಎಂದೂ ಗೆಲ್ಲದ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯನ್ನೂ ಗೆದ್ದೆವು. ಪಟಾಕಿ ಸದ್ದಿನ ನಡುವೆ ಸಪ್ಪೆ ಉಪ್ಪಿಟ್ಟು ತಿನ್ನುತ್ತಾ “ಒಂದೇ ಒಂದು ಹಾಕಬಾರದಿತ್ತೆ” ಎಂದೆ. “ಆಚಾರ” ಎಂದಳು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಮರುವರ್ಷ ದೇವೇಗೌಡರು ರಾಜ್ಯಸಭೆಗೆ ಅವಿರೋಧವಾಗಿ ಹೋದರು, ನಮ್ಮವರು ಎದುರು ಹೆಚ್ಚಿನ ಅಭ್ಯರ್ಥಿ ಹಾಕಲಿಲ್ಲ. ಮುದ್ದಹನುಮೇಗೌಡರು 2022ರಲ್ಲಿ ನಮ್ಮ ಪಕ್ಷಕ್ಕೆ ಬಂದರು, 2024ರ ಶುರುವಿಗೆ ವಾಪಸು ಕಾಂಗ್ರೆಸ್ಸಿಗೆ ಹೋದರು. 2023ರಲ್ಲಿ ನಮಗೂ ಜೆಡಿಎಸ್ಸಿಗೂ ಮೈತ್ರಿಯಾಯಿತು. ಹೇಮಾವತಿಯ ಗೇಟಿನ ಬಗ್ಗೆ ನಾನು ಕಟ್ಟಿಟ್ಟಿದ್ದ ಕರಪತ್ರಗಳನ್ನು ಅಟ್ಟಕ್ಕೆ ಹಾಕಿದೆ. ಬೇಕಾದರೆ ಮತ್ತೆ ಇಳಿಸಬಹುದು. ಹೊರಗಿನವರು ಯಾಕೆ ನಮ್ಮೂರಿಗೆ ಎಂದು 2019ರಲ್ಲಿ ಗಂಟಲು ಹರಿದುಕೊಂಡಿದ್ದ ನನಗೆ 2024ರಲ್ಲಿ ಬೆಂಗಳೂರಿನಿಂದ ವಿ. ಸೋಮಣ್ಣನವರನ್ನು ಕಳಿಸಿದರು. ಅವರು ಹಿಂದಿನ ವರ್ಷ ವರುಣಾ, ಚಾಮರಾಜನಗರ ಎರಡರಲ್ಲೂ ಸೋತು ಬಂದಿದ್ದರು. “ಅತಿಥಿ ದೇವೋ ಭವ ಅಂತೀರಲ್ಲ ಸಾರ್, ಉಪಚಾರ ಮಾಡಿ” ಎಂದರು ಮೇಷ್ಟ್ರು. ತೆನೆ ಗೌಡರು ಈಗ ನನ್ನ ಬೆಂಚಿಗೇ ಬಂದು ಕೂತಿದ್ದರು. ಇಬ್ಬರೂ ಸೇರಿ ಬೀದಿ ಸುತ್ತಿದೆವು, ಅವರು ತೆನೆ ಶಾಲಿನ ಮೇಲೆ ಕಮಲದ ಶಾಲು ಹಾಕಿಕೊಂಡಿದ್ದರು. ಸೆಕೆಗೆ ಒಂದನ್ನು ತೆಗೆಯಿರಿ ಎಂದರೆ ಯಾವುದನ್ನು ಎಂದು ಕೇಳಿದರು.

ಏಪ್ರಿಲ್ 26ಕ್ಕೆ ಮತದಾನ. ಏಳು ಗಂಟೆಗೆ ಮತಗಟ್ಟೆ ತೆರೆಯುವ ಮೊದಲೇ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಜೂನಿನಲ್ಲಿ ಸೋಮಣ್ಣನವರು 1,75,594 ಮತಗಳಿಂದ ಗೆದ್ದರು, ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರೂ ಆದರು. ನಾನೂ ಗೌಡರೂ ಜೊತೆಯಾಗಿ ಸಮಾಧಾನ ಹೇಳಲು ಹೋದರೆ, ಮೇಷ್ಟ್ರು ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಹೇಳಿ, ಜೊತೆಗೆ ವಡೆಯನ್ನೂ ಹೇಳಿ ಕೂತಿದ್ದರು.

“ಸೋತಿದೀರಲ್ರೀ ಮೇಷ್ಟ್ರೇ!”

“ಸೋತ್ರೆ ಸೋತೆ. ಹತ್ತು ವರ್ಷ ಆದ್ಮೇಲೆ ಲೋಕಸಭೆ ಓಟಿನ ಯಂತ್ರದಲ್ಲಿ ಕೈ ಇತ್ತು ಸಾರ್, ಒತ್ತಿ ಬಂದೆ. ನಿಮ್ಮದು ಹೇಳಿ, ನೀವಿಬ್ರೂ ಗೆದ್ದಿದ್ದು ಯಾವ್ದಕ್ಕೆ?”

ಗೌಡರು ನನ್ನ ಮುಖ ನೋಡಿದರು. ನಾನು ವಡೆ ತೆಗೆದುಕೊಂಡೆ. ಈರುಳ್ಳಿ ಧಾರಾಳವಾಗಿ ಹಾಕಿದ್ದರು.